ಚಾಪೆ ಹಾಸುವುದಿಲ್ಲ

ಸೂಳೆಕೆರೆ ದಡದಿಂದ

ನ್ಯಾಮತಿಯ ಓಂಕಾರಪ್ಪ ಮಾವನವರಿಗೆ ಅಳಿಯ ತಿಪ್ಪೇಶನ ನಮಸ್ಕಾರಗಳು.

ನನ್ನ ಮಾತು ಮುಗಿಯುವ ಮುಂಚೆಯೇ ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ.

ನಿಮ್ಮ ಫೈಬರ್ ದೋಣಿ ಹೊರನೋಟಕ್ಕೆ ಈಗಲೂ ಮಹಾರಾಜನೇ! ಆದರೆ ಮೊನ್ನೆ ದಡದಲ್ಲಿ ದೋಣಿಯೊಳಗೆ ಪ್ರವಾಸಿಗರನ್ನು ಕೂರಿಸಿಕೊಂಡು, ನಾಟಕದಲ್ಲಿ ನಾನು ಹಾಕುವ ಭೀಮನ ಪಾತ್ರದ ಮಾತು ಹೇಳುತ್ತಾ, ರಂಗದ ಅಭ್ಯಾಸದಂತೆ ಕಾಲು ಅಪ್ಪಳಿಸಿದೆ. ಕಾಲು ಮೊಣಕಾಲಿನವರೆಗೆ ದೋಣಿಯ ನೆಲದೊಳಗೆ ಹೋಯಿತು! ಫೈಬರಿನ ಅಡಿಯಲ್ಲಿದ್ದ ಹಲಗೆ ಚಹಾದಲ್ಲಿ ನೆನೆದ ರಸ್ಕಿನಂತೆ ಕೈಗೆ ಬಂತು.

ಫೋನಿನಲ್ಲಿ ಹೇಳಿದರೆ ನೀವು ಏನಂದಿರಿ? "ತೂತಿನ ಮೇಲೆ ಚಾಪೆ ಹಾಸು ಕಣಲೇ! ಭಾನುವಾರ ಕಿರಿಮಗಳ ಅತ್ತೆ ಮನೆಯೋರು ಕೆರೆ ಸುತ್ತಾಕೆ ಬರ್ತಾರೆ, ನನ್ನ ಮರ್ಯಾದೆ ಪ್ರಶ್ನೆ ಐತೆ."

ಹಾಸುವುದಿಲ್ಲ ಮಾವ! ನಾಟಕದಲ್ಲಿ ಸತ್ತವನು ಪರದೆ ಬಿದ್ದ ಮೇಲೆ ಎದ್ದು ಬೀಡಿ ಹಚ್ಚುತ್ತಾನೆ. ಕೆರೆಯಲ್ಲಿ ಮುಳುಗಿದವರು ಏಳುವುದಿಲ್ಲ. ಅದಕ್ಕೇ ದೋಣಿಯ ನೆಲವನ್ನೆಲ್ಲ ಕೊಯ್ದು, ಕೊಳೆತ ಹಲಗೆಯನ್ನು ದಾರಿಹೋಕರಿಗೆ ಕಾಣುವಂತೆ ದಡದ ಮೇಲೆ ಹರವಿದ್ದೇನೆ. ಬರುವಾಗ ನೀರಿಗೆ ಕೊಳೆಯದ ಹೊಸ ಪ್ಲೈವುಡ್ ತನ್ನಿ, ಕೂರಿಸಿಕೊಡುತ್ತೇನೆ.

ಬೈಯುವುದಾದರೆ ಇಬ್ಬರನ್ನೂ ಬೈಯಿರಿ. ಗರಗಸ ತಂದುಕೊಟ್ಟವಳು ನಿಮ್ಮ ಕಿರಿಮಗಳು ದುರ್ಗಾಂಬಿಕಾ. "ನಮ್ಮತ್ತೆಗೆ ಈಜಾಕೆ ಬರಲ್ಲ, ಕೊಯ್ಯಿ ಭಾವ" ಅಂದಳು.

ಇಂತಿ, ದಡದಲ್ಲೇ ನಿಂತಿರುವ
ತಿಪ್ಪೇಶ