ಪಾರ್ಕಿನ ಹೊರಗೆ ನೋಡಬೇಕಾದ ಜಾಗಗಳು

ಮನೆಯಿಂದ
ಮೇ ೧೪, ಬುಧವಾರ ಸಂಜೆ

ಪಿಟೀಲಿನ ಅಪ್ಪನಿಗೆ,

ನಾವು ಮೂವರೂ ಭಾನುವಾರವೇ ಕ್ಷೇಮವಾಗಿ ಮನೆ ಸೇರಿದೆವು. ಬಸ್ಸಿನಲ್ಲಿ ನಿಮ್ಮ ಅಮ್ಮನಿಗೆ ಸೊಂಟ ಹಿಡಿದುಕೊಂಡಿತ್ತು, ಈಗ ಪರವಾಗಿಲ್ಲ. ಮಗಳು ನೀವಿಟ್ಟ 'ಪಿಟೀಲು' ಎಂಬ ಅಡ್ಡಹೆಸರಿಗೆ ತಕ್ಕಂತೆ ಮೂರು ದಿನದಿಂದ ಒಂದೇ ತಂತಿ ಎಳೆಯುತ್ತಿದ್ದಾಳೆ: "ಅಪ್ಪ ಯಾಕೆ ನನ್ನ ಇಳಿಸಿದ್ರು?" ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಮುಂದೆ ಬರೆಯುವುದು ನಿಮಗೆ ಹಿಡಿಸುವುದಿಲ್ಲ. ಬರೆಯಲು ನನಗೂ ಹೇಸಿಗೆಯಾಗುತ್ತಿದೆ. ಆದರೂ ಅರ್ಧಕ್ಕೆ ಮಡಚಿಡಬೇಡಿ.

ಎರಡು ವರ್ಷದಿಂದ ನೀವು ಆ ಆಟದ ಪಾರ್ಕಿನಲ್ಲಿ ಫಿಟ್ಟರ್. ಈ ರಜಕ್ಕೆ ಮಗುವನ್ನು ಕರೆದುಕೊಂಡು ಬಾ ಎಂದು ನೀವೇ ಫೋನ್ ಮಾಡಿದ್ದು. ಅವಳು ಅದನ್ನು ಬೀದಿಗೆಲ್ಲ ಡಂಗುರ ಸಾರಿದಳು. ಹೋದ ಬುಧವಾರ ನಿಮ್ಮ ಕ್ವಾರ್ಟರ್ಸಿನ ಬಾಗಿಲು ದಾಟಿದವಳು ಚಪ್ಪಲಿಯನ್ನೂ ಬಿಡದೆ ಕಿಟಕಿಗೆ ಹೋಗಿ ನಿಂತಳು. ಗೋಡೆಯಾಚೆ ನೀವೆಲ್ಲ 'ಕೊಡೆ' ಎಂದು ಕರೆಯುವ ಆಟ ಕಾಣುತ್ತಿತ್ತು: ಎತ್ತರದ ಕಂಬ, ನೆತ್ತಿಯ ಮೇಲೆ ಬಣ್ಣದ ಛತ್ರಿ, ಅದರ ಅಂಚಿನಿಂದ ಸರಪಳಿಯಲ್ಲಿ ನೇತುಬಿದ್ದ ಕುರ್ಚಿಗಳು. ಅವು ಸುತ್ತುತ್ತಾ ಹೊರಕ್ಕೆ ಹಾರುತ್ತಿದ್ದವು. "ನಂಗೆ ಅದೊಂದೇ ಸಾಕು, ಬೇರೇನೂ ಬೇಡ" ಅಂದಳು. ನೀವು ಜೇಬಿನಿಂದ ಒಂದು ಹಾಳೆ ತೆಗೆದಿರಿ.

ಆ ಹಾಳೆ ನನ್ನ ಹತ್ತಿರವೇ ಇದೆ. 'ಪಾರ್ಕಿನ ಹೊರಗೆ ನೋಡಬೇಕಾದ ಜಾಗಗಳು' ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೀರಿ. ಗುರುವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಒಂದು, ಸಂಜೆ ಒಂದು, ಭಾನುವಾರ ಬೆಳಿಗ್ಗೆ ಕೊನೆಯದು. "ಪಾರ್ಕ್ ಒಳಗೆ ಏನಿದೆ ಮಣ್ಣು? ಬಿಸಿಲು, ಜನ, ಕ್ಯೂ. ಊರಲ್ಲಿ ನೋಡೋಕೆ ಬೇಕಾದಷ್ಟಿದೆ" ಅಂದಿರಿ. ಒಳಗೇ ಕೆಲಸ ಮಾಡುವವರಿಗೆ ಒಳಗಿನದು ಬೇಸರ ಬಂದಿರಬಹುದು ಅಂದುಕೊಂಡೆ. ಲಾಂಡ್ರಿಯಲ್ಲಿ ದುಡಿಯುವ ನಾನೂ ರಜದ ದಿನ ಮನೆಯ ಬಟ್ಟೆ ಮುಟ್ಟುವವಳಲ್ಲ.

ಆ ಸಂಜೆ ಮಾತ್ರ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಕಿಟಕಿಯ ಕಟ್ಟೆಯ ಮೇಲೆ ಹಳದಿ ಬಣ್ಣದ ಡಬ್ಬಿ, ಸಣ್ಣ ಬ್ರಷ್ ನೋಡಿ ಮಗಳು ಇದೇನು ಎಂದು ಕೇಳಿದಳು. ನೀವು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿರಿ. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಒಂದೇ ಎಳೆಯಲ್ಲಿ ಗೆರೆ ಎಳೆಯಬೇಕು. ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ತುಂಡಾಗಿ ಎರಡಾಗುತ್ತದೆ. ಬೆಳಿಗ್ಗೆ ಪಾರ್ಕು ತೆರೆಯುವ ಮೊದಲು ಏಣಿ ಹತ್ತಿ ಎಲ್ಲ ಗೆರೆಗಳನ್ನೂ ನೋಡಿಕೊಂಡು ಬಂದರೆ ಆಯಿತು. "ಮನುಷ್ಯ ಸುಳ್ಳು ಹೇಳಬಹುದು, ಗೆರೆ ಹೇಳಲ್ಲ ಮರಿ" ಅಂದಿರಿ. ಒಂದು ಖಾಲಿ ಔಷಧಿ ಶೀಶೆಗೆ ಸ್ವಲ್ಪ ಬಣ್ಣ ಹಾಕಿಯೂ ಕೊಟ್ಟಿರಿ.

ನೋಡುತ್ತಾ ನನಗೆ ಹೆಮ್ಮೆಯಾಯಿತು. ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯ ಕುರ್ಚಿ ಅಲ್ಲಾಡಿತೆಂದು ಅದನ್ನು ತಲೆಕೆಳಗು ಮಾಡಿ, ಜೇಬಿನ ನಾಣ್ಯದಿಂದ ಸ್ಕ್ರೂ ಬಿಗಿ ಮಾಡಿದ್ದಿರಿ. ನಮ್ಮಪ್ಪ ಒಳಗೆ ಬಂದು, "ಹುಡುಗಿ ಮುಖ ನೋಡೋಕೆ ಮುಂಚೆ ಕುರ್ಚಿ ನೋಡಿದ ನೋಡು. ಇವನ ಕೈಗೆ ಕಣ್ಣುಮುಚ್ಚಿ ಕೊಡಬಹುದು" ಅಂದಿದ್ದರು. ನಾನೂ ಕಣ್ಣು ಮುಚ್ಚಿದೆ.

ಇನ್ನು ನಿಮ್ಮ ಪಟ್ಟಿಯ ವಿಷಯ. ಗುರುವಾರ ಮೀನುಮನೆ. ಎಂಟು ಗಾಜಿನ ತೊಟ್ಟಿಗಳಲ್ಲಿ ನಾಲ್ಕು ಖಾಲಿ, ಉಳಿದವುಗಳ ನೀರು ಪಾಚಿಗಟ್ಟಿದ ಹಸಿರು. ಒಂದು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಕಾವಲುಗಾರ ಅದು ನಿದ್ದೆ ಮಾಡುತ್ತಿದೆ ಎಂದ, ಮಗಳು ಎಷ್ಟು ಗಂಟೆಗೆ ಏಳುತ್ತದೆ ಎಂದು ಕೇಳಿದಳು. ಸಂಜೆ ಮೇಣದ ಬೊಂಬೆಗಳ ಮನೆ. ಕರೆಂಟು ಹೋಗಿ ಬೊಂಬೆಗಳೆಲ್ಲ ಬೆವೆತು ನಿಂತಿದ್ದವು. ಯಾವನೋ ರಾಜನ ಗಲ್ಲ ಎದೆಗೆ ಇಳಿದಿತ್ತು. ಅಲ್ಲಿನವನು ಅದನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ನಮಗೆ ಟಿಕೆಟ್ ಹರಿದುಕೊಟ್ಟ.

ಶುಕ್ರವಾರ ಬಿಸಿನೀರಿನ ಬುಗ್ಗೆ. ಕೊಳೆತ ಮೊಟ್ಟೆಯ ವಾಸನೆ, ನೀರಿನ ಮೇಲೆ ಕೂದಲಿನ ಉಂಡೆಗಳು, ಯಾರದೋ ಗಾಯದಿಂದ ಕಳಚಿಬಂದ ಬ್ಯಾಂಡೇಜು. ನಿಮ್ಮ ಅಮ್ಮ "ಕಾಲುನೋವಿಗೆ ಒಳ್ಳೇದಂತೆ ಕಣೇ" ಎನ್ನುತ್ತಾ ಕುತ್ತಿಗೆವರೆಗೂ ಇಳಿದರು. ನಾನು ದಡದಲ್ಲಿ ಮೂಗು ಹಿಡಿದು ಕೂತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಕಳೆದವಳಿಗೆ ಬ್ಯಾಂಡೇಜಿನಿಂದ ಏನೇನು ಇಳಿಯುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಶನಿವಾರದ ದೋಣಿವಿಹಾರದ ಕೆರೆ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ನಾನು ಪೆಡಲ್ ತುಳಿಯುತ್ತಾ ಸತ್ತ ಕೊಕ್ಕರೆಯೊಂದನ್ನು ಮಗಳ ಕಣ್ಣಿಗೆ ಬೀಳದ ಹಾಗೆ ಸುತ್ತಿಕೊಂಡು ಹೋದೆ. ಆ ಪಟ್ಟಿ ಬರೆಯುವಾಗ ನಿಮಗೆ ಮೂಗು ಇರಲಿಲ್ಲವೇ ಎಂದು ಕೇಳಬೇಕೆನಿಸಿತ್ತು. ನಾವು ದೋಣಿ ಇಳಿದ ಮೇಲೆ ನೀವು ದಡದಲ್ಲಿ ಕೂತು ಬನ್ನು ಮುರಿದು ಅವಳ ಬಾಯಿಗಿಡುತ್ತಿದ್ದಿರಿ, ಉಗುರುಗಳ ಸಂದಿಯಲ್ಲಿ ಹಳದಿ ಬಣ್ಣ. ಎಷ್ಟು ದುಡಿಯುತ್ತಾರೆ ಪಾಪ, ಎಂದು ಸುಮ್ಮನಾದೆ.

ಇನ್ನೊಂದು ನಾಚಿಕೆಗೇಡಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಪ್ರತಿ ಸಲ ಪಾರ್ಕಿನ ಮಾತೆತ್ತಿದಾಗ ನಿಮ್ಮ ಮುಖ ಬಿಗಿಯುತ್ತಿತ್ತು. ಒಳಗೆ ನಾನು ನೋಡಬಾರದವಳು ಯಾರೋ ಇದ್ದಾಳೆ ಎಂದು ನನ್ನ ಹಾಳು ಮನಸ್ಸು ಲೆಕ್ಕ ಹಾಕಿತು. ನೀವು ಸ್ನಾನಕ್ಕೆ ಹೋದಾಗ ನಿಮ್ಮ ಅಂಗಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಕಲೆ ಹುಡುಕುವುದೇ ಅಲ್ಲವೇ ನನ್ನ ಉದ್ಯೋಗ. ಗ್ರೀಸು, ಹಳದಿ ಬಣ್ಣ, ಅಷ್ಟೇ. ಸಮಾಧಾನದಿಂದ ಮಡಚಿಟ್ಟೆ. ಅಂಥವಳೊಬ್ಬಳು ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಈಗ ಅನಿಸುತ್ತದೆ.

ಭಾನುವಾರ ನಿಮಗೆ ಬೆಳಗಿನ ಪಾಳಿ, ನಮಗೆ ನಾಲ್ಕು ಗಂಟೆಗೆ ಬಸ್ಸು. ಪಟ್ಟಿಯಲ್ಲಿ ಉಳಿದಿದ್ದದ್ದು ಹಳೆಯ ಬೀಗಗಳ ಸಂಗ್ರಹಾಲಯ. ಅತ್ತೆ ನಡೆಯಲಾರೆ ಎಂದು ಕೋಣೆಯಲ್ಲೇ ಉಳಿದರು. ನಾನು ಮಗಳನ್ನು ಕರೆದುಕೊಂಡು ಬೀಗದ ಮನೆಯ ಕಡೆ ಹೊರಟವಳು ದಾರಿಯಲ್ಲಿ ತಿರುಗಿ ಪಾರ್ಕಿನ ಗೇಟಿಗೆ ಬಂದೆ. ನಿಮಗೆ ಹೇಳದೆ ಬಂದು ಬೆರಗುಗೊಳಿಸೋಣ ಎಂದುಕೊಂಡೆವು. ಕೊಡೆಯ ಮುಂದೆ ಮುಕ್ಕಾಲು ಗಂಟೆ ಕ್ಯೂ ನಿಂತೆವು. ಅವಳ ಸರದಿ ಬಂತು. ಕುರ್ಚಿಯಲ್ಲಿ ಕೂತವಳು ಮೊದಲು ಮಾಡಿದ ಕೆಲಸವೆಂದರೆ ಕತ್ತೆತ್ತಿ ತಲೆಯ ಮೇಲಿನ ನಟ್ಟುಗಳನ್ನು ನೋಡಿದ್ದು. "ಅಮ್ಮಾ, ಗೆರೆ ಎಲ್ಲಾ ಸರಿಯಾಗಿದೆ" ಎಂದು ಬೇಲಿಯಾಚೆಯಿಂದ ಕೂಗಿದಳು. ನಾನೂ ನೋಡಿದೆ. ಎಲ್ಲವೂ ನೆಟ್ಟಗೆ, ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು.

ಆಗ ನೀವು ಓಡಿಬಂದಿರಿ. ಬೇಲಿ ನುಸುಳಿ, ಕುರ್ಚಿಯ ಅಡ್ಡಸರಪಳಿ ಬಿಚ್ಚಿ, ಅವಳ ಕಂಕುಳಿಗೆ ಕೈಹಾಕಿ ಎತ್ತಿದಿರಿ. ಆಟ ನಡೆಸುವವನಿಗೆ "ನಮ್ಮ ಮಗು, ಹುಷಾರಿಲ್ಲ" ಅಂದಿರಿ. ಅವನು ಮುಂದಿನವರು ಬನ್ನಿ ಎಂದ. ಎರಡು ಜಡೆಯ, ಕೆಂಪು ಬೂಟಿನ ಹುಡುಗಿಯೊಬ್ಬಳು ಬಂದಳು, ನಮ್ಮವಳಷ್ಟೇ ವಯಸ್ಸು. ಕುರ್ಚಿ ಅಲ್ಲಾಡದಂತೆ ಹಿಡಿದು ಅವಳನ್ನು ಹತ್ತಿಸಿದವರು ನೀವು. ಸರಪಳಿಯ ಕೊಕ್ಕೆ ಹಾಕಿದವರು ನೀವು. ಭದ್ರವಾಗಿದೆಯೇ ಎಂದು ಎರಡು ಸಲ ಎಳೆದೂ ನೋಡಿದಿರಿ. ಆಮೇಲೆ ಕೊಡೆ ತಿರುಗಿತು, ನೀವು ನಿಮ್ಮ ಬೂಟು ನೋಡಿಕೊಂಡು ನಿಂತಿರಿ. ನಾನು ನಿಮ್ಮ ತೋಳು ಹಿಡಿದು ಎಳೆದುಕೊಂಡು ಹೋದದ್ದು ಆಗ.

ಸಾಮಾನಿನ ಶೆಡ್ಡಿನ ಹಿಂದೆ ನಿಮ್ಮ ಬಾಯಿ ಬಿಡಿಸಲು ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಮಗಳು ನಲ್ಲಿಯ ಹತ್ತಿರ ಐಸ್ ಕ್ಯಾಂಡಿ ತಿನ್ನುತ್ತಿದ್ದಳು. ಮಾರ್ಚಿನಲ್ಲೇ ಹನ್ನೊಂದು ಗೆರೆ ತುಂಡಾದವಂತೆ. ಬಿಗಿ ಮಾಡಿದರೆ ನಿಲ್ಲಲಿಲ್ಲವಂತೆ, ನಟ್ಟು ಹಿಡಿದುಕೊಳ್ಳುವ ಬೋಲ್ಟಿನ ಮರೆಯೇ ಸವೆದು ಹೋಗಿದೆಯಂತೆ. ಎಲ್ಲ ಬಿಚ್ಚಿ ಹೊಸದು ಹಾಕಬೇಕೆಂದರೆ ಕೊಡೆಯನ್ನು ಮೂರು ವಾರ ನಿಲ್ಲಿಸಬೇಕು. ನಿಮ್ಮ ಮ್ಯಾನೇಜರ್ "ರಜ ಮುಗೀಲಿ ಮಾರಾಯ, ಆಮೇಲೆ ನೋಡೋಣ" ಅಂದನಂತೆ. ಅಲ್ಲಿಂದ ವಾರಕ್ಕೊಮ್ಮೆ ನೀವು ಏಣಿ ಹತ್ತಿ, ತುಂಡಾದ ಗೆರೆಯನ್ನು ಕೆರೆದು, ಅದೇ ಜಾಗದಲ್ಲಿ ಹೊಸ ಗೆರೆ ಎಳೆದು, ಹಾಳೆಯಲ್ಲಿ 'ಸರಿ ಇದೆ' ಎಂದು ಸಹಿ ಹಾಕುತ್ತಿದ್ದೀರಿ. "ತೊಂಬತ್ತಾರು ನಟ್ಟಿನಲ್ಲಿ ಹನ್ನೊಂದು ಕಣೇ. ಏನೂ ಆಗಲ್ಲ" ಅಂದಿರಿ. ಏನೂ ಆಗಲ್ಲ ಅಂದ್ರೆ ನಮ್ಮವಳನ್ನ ಯಾಕೆ ಇಳಿಸಿದ್ರಿ ಎಂದು ಕೇಳಿದೆ. ನೀವು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಿರಿ.

ನಾನು ಮಗಳ ಕೈ ಹಿಡಿದು ಸೀದಾ ಗೇಟಿಗೆ ಬಂದೆ. ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

ನಮ್ಮ ಲಾಂಡ್ರಿಯಲ್ಲಿ ಹೊಸದಾಗಿ ಸೇರಿದವರು ಒಂದು ಕಳ್ಳಾಟ ಆಡುತ್ತಾರೆ. ರಕ್ತದ ಕಲೆ ಹೋಗದಿದ್ದರೆ ದುಪ್ಪಟಿಯನ್ನು ಕಲೆ ಒಳಗೆ ಬರುವ ಹಾಗೆ ಮಡಚಿ ಅಟ್ಟಿಯಲ್ಲಿ ಸೇರಿಸಿಬಿಡುತ್ತಾರೆ. ಮೇಲಿನಿಂದ ನೋಡಿದರೆ ಬೆಳ್ಳಗೆ. ಅಂಥವರಿಬ್ಬರನ್ನು ನಾನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ್ದೇನೆ. ಅವು ದುಪ್ಪಟಿಗಳು. ಅವುಗಳ ಮೇಲೆ ಮಲಗಿ ಯಾರೂ ಆಕಾಶದಲ್ಲಿ ಸುತ್ತುವುದಿಲ್ಲ.

ಹನ್ನೊಂದು ವರ್ಷದಿಂದ ಕೀವು, ರಕ್ತ, ವಾಂತಿ ಏನೆಲ್ಲ ಕಂಡ ಕೈ ಇದು. ಅತ್ತೆ ನಿಮ್ಮ ಒಂದು ಅಂಗಿಯನ್ನು ಒಗೆಯಲೆಂದು ಚೀಲದಲ್ಲಿ ತುರುಕಿ ತಂದಿದ್ದಾರೆ. ಅದು ಬಚ್ಚಲಲ್ಲಿ ಬಿದ್ದಿದೆ, ನಾನು ಮುಟ್ಟಿಲ್ಲ. ಆ ಹಳದಿ ಉಗುರಿನ ಬನ್ನು ನೆನಪಾಗಿ ಬೇಕರಿಯ ಮುಂದೆ ಹಾಯುವುದನ್ನೂ ಬಿಟ್ಟಿದ್ದೇನೆ. ಹೇಡಿತನವನ್ನು ನಾನು ಕ್ಷಮಿಸಿಬಿಡುತ್ತಿದ್ದೆ, ನಾವ್ಯಾರೂ ಹುಲಿಗಳಲ್ಲ. ಆದರೆ ನೀವು ಭಯವಿದ್ದೂ ಅದನ್ನು ನಮ್ಮ ಮನೆಯ ಒಬ್ಬಳಿಗೇ ಮೀಸಲಿಟ್ಟಿರಿ. ಊರ ಮಕ್ಕಳಿಗೆ ಕೊಡೆ, ನಿಮ್ಮ ಮಗಳಿಗೆ ಸತ್ತ ಮೀನು. ಆ ಪಟ್ಟಿಯಲ್ಲಿದ್ದ ಕೊಳಕನ್ನೆಲ್ಲ ಒಟ್ಟು ಸೇರಿಸಿದರೂ ಇದರ ಹತ್ತಿರಕ್ಕೆ ಬರುವುದಿಲ್ಲ.

ಮಗಳು ಶೀಶೆಯ ಬಣ್ಣದಿಂದ ಮನೆಯಲ್ಲೆಲ್ಲ ಗೆರೆ ಎಳೆದಿದ್ದಾಳೆ. ಬಾಗಿಲ ಚಿಲಕ, ಗ್ಯಾಸಿನ ತಿರುಪು, ಅಜ್ಜಿಯ ಮಾತ್ರೆ ಡಬ್ಬಿಯ ಮುಚ್ಚಳ. ಬೆಳಿಗ್ಗೆ ಎದ್ದ ಕೂಡಲೇ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕುತ್ತಾಳೆ. ನಿನ್ನೆ ಡಬ್ಬಿಯ ಗೆರೆ ತಪ್ಪಿತ್ತೆಂದು ಅಜ್ಜಿಯನ್ನು ವಿಚಾರಣೆ ಮಾಡಿದಳು. ಅತ್ತೆ ತಾವೇ ತೆಗೆದದ್ದು ಎಂದು ಒಪ್ಪಿಕೊಂಡು, "ಅಳಿಸಿ ಇನ್ನೊಂದು ಎಳೆದುಬಿಡು, ಆಯ್ತಲ್ಲ" ಅಂದರು. ಅವಳು "ಹಂಗೆಲ್ಲ ಎಳೀಬಾರದು ಅಜ್ಜಿ. ಮೊದಲು ಬಿಗಿ ಮಾಡ್ಬೇಕು, ಆಮೇಲೆ ಗೆರೆ. ಅಪ್ಪ ಹೇಳಿದ್ದಾರೆ" ಅಂದಳು. ನಾನು ಒಲೆ ಆರಿಸಿ ಹಿತ್ತಲಿಗೆ ಹೋದೆ.

ಸುರಕ್ಷತಾ ತಪಾಸಣಾ ಕಚೇರಿಗೆ ನೀವೇ ಹೋಗಿ ಹೇಳಿ. ಶನಿವಾರದವರೆಗೆ ಕಾಯುತ್ತೇನೆ. ಅಷ್ಟರೊಳಗೆ ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಹೇಳಿ ಬಂದರೆ ಮನೆಯ ಬಾಗಿಲು ತೆಗೆಯುತ್ತೇನೆ, ಅದಕ್ಕಿಂತ ಹೆಚ್ಚಿನದನ್ನು ಈಗ ಕೇಳಬೇಡಿ.

ನಿಮ್ಮವಳು ಎಂದು ಬರೆಯಲು ಕೈ ಏಳುತ್ತಿಲ್ಲ,
ಪಿಟೀಲಿನ ಅಮ್ಮ

ತಾ.ಕ. ಗುರುವಾರ ಮಧ್ಯಾಹ್ನ. ಅಂಚೆಗೆ ಹಾಕುವ ಮೊದಲು ಬೆಳಿಗ್ಗೆ ಇದನ್ನು ಇನ್ನೊಮ್ಮೆ ಓದಿದೆ. 'ಶನಿವಾರದವರೆಗೆ' ಎಂದು ಬರೆದದ್ದು ಓದಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಶನಿವಾರದವರೆಗೆ ಕೊಡೆ ಎಷ್ಟು ಸಲ ಸುತ್ತುತ್ತದೆ? ಒಂಬತ್ತೂವರೆಗೆ ಕಚೇರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹನ್ನೆರಡು ಗಂಟೆಗೆ ಅಲ್ಲಿಂದಲೇ ಫೋನ್ ಬಂತು, ಆಟ ನಿಲ್ಲಿಸಿ ಬೀಗ ಹಾಕಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಈ ಕಾಗದಕ್ಕಿಂತ ಮುಂಚೆ ನಿಮಗೆ ಸುದ್ದಿ ಮುಟ್ಟಿರುತ್ತದೆ. ಅಧಿಕಾರಿ ನಿಮ್ಮ ಹೆಸರು ಬರೆದುಕೊಂಡ ಮೇಲೆ, ನನಗೆ ಇದು ಯಾವಾಗ ಗೊತ್ತಾಯಿತು ಎಂದು ಕೇಳಿದರು. ಭಾನುವಾರ ಅಂದೆ. ಅವರು ಅದನ್ನೂ ಬರೆದುಕೊಂಡರು. ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಶೆಡ್ಡಿನಿಂದ ಬರುವಾಗ ಆ ಕೆಂಪು ಬೂಟಿನ ಹುಡುಗಿ ಇನ್ನೊಂದು ಸಲ ಬೇಕೆಂದು ತಾಯಿಯ ಸೆರಗು ಜಗ್ಗುತ್ತಿದ್ದಳು. ಆ ತಾಯಿ ನನ್ನನ್ನು ನಿಲ್ಲಿಸಿ, "ನಿಮ್ಮ ಪಾಪುನ ಯಾಕೆ ಇಳಿಸಿದ್ರು? ಏನಾದ್ರೂ ತೊಂದರೆ ಇದ್ಯಾ?" ಎಂದು ಕೇಳಿದಳು. "ಇಲ್ಲಮ್ಮ, ನಮ್ಮವಳಿಗೆ ತಲೆ ಸುತ್ತುತ್ತೆ ಅಷ್ಟೇ" ಅಂದೆ. ಆಕೆ "ಹಾಗಾದ್ರೆ ಸರಿ" ಎಂದು ಮಗಳನ್ನು ಮತ್ತೆ ಕ್ಯೂಗೆ ಕಳಿಸಿದಳು.