ಗೆರೆ ದಾಟಿದ ಚುಕ್ಕಿಗಳು

ಪಿತ್ತಕೋಶದ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಹೆಂಡತಿಯ ರಕ್ತದಲ್ಲಿ ಕಾಯಿಲೆಯ ಸುಳಿವು ಸಿಕ್ಕಿದ್ದು ಅವಳು ಸಾಯುವುದಕ್ಕೆ ಹದಿನಾಲ್ಕು ತಿಂಗಳ ಮೊದಲು. ಅದು ನಿಮ್ಮ ಕೇಂದ್ರಕ್ಕೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ನಾನು ನಿಮ್ಮಲ್ಲೇ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುವವನು. ಹೆಸರು ತೆಗೆದು ನಂಬರು ಹಚ್ಚುವುದು ನನ್ನ ಕೆಲಸ; ಯಾವ ರಕ್ತ ಯಾರದೆಂದು ತಿಳಿಯಬಾರದೆಂಬುದು ನಿಮ್ಮ ನಿಯಮ. ಪಿತ್ತಕೋಶದಲ್ಲಿ ಕಲ್ಲಿರುವವರ ರಕ್ತವನ್ನು ಆರು ತಿಂಗಳಿಗೊಮ್ಮೆ ತೆಗೆದು, ಕ್ಯಾನ್ಸರ್ ಯಾರಿಗೆ ಬರಬಹುದೆಂದು ಮೊದಲೇ ಹೇಳುವ ಗುರುತನ್ನು ನೀವು ಹುಡುಕುತ್ತಿದ್ದಿರಿ. ನನ್ನ ಹೆಂಡತಿಗೂ ಅವಳ ತಂಗಿಗೂ ಕಲ್ಲಿತ್ತು; ಇಬ್ಬರನ್ನೂ ನಾನೇ ಕರೆತಂದೆ. ಸೂಜಿ ಕಂಡರೆ ಮುಖ ತಿರುಗಿಸುವ ಹೆಂಡತಿಗೆ, "ಹೆದರ್ಬೇಡ ಕಣೇ, ಏನಾದ್ರೂ ಇದ್ರೆ ಮೊದ್ಲೇ ಗೊತ್ತಾಗುತ್ತೆ" ಎಂದೆ. "ನನಗಿಂತ ನಿಮ್ಮ ಆಫೀಸ್ ಮೇಲೇ ನಂಬಿಕೆ ನಿಮಗೆ" ಎಂದು ನಕ್ಕಳು. ಒಪ್ಪಿಗೆ ಪತ್ರದ ಒಂಬತ್ತನೇ ಸಾಲಿನಲ್ಲಿ 'ಫಲಿತಾಂಶ ತಿಳಿಸಲಾಗುವುದಿಲ್ಲ' ಎಂದಿತ್ತು. ದಿನವೂ ಆ ಪತ್ರಗಳನ್ನು ಜೋಡಿಸುವ ನಾನು ಅದನ್ನು ಓದಿರಲಿಲ್ಲ. ಆ ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಅವಳು ಹೋದ ಎರಡನೇ ತಿಂಗಳು ಸಭಾಂಗಣದಲ್ಲಿ ಕುರ್ಚಿ ಹಾಕಿ ಹಿಂದೆ ನಿಂತಿದ್ದೆ. ಪರದೆಯ ಮೇಲೆ ಅಪಾಯದ ಮಟ್ಟ ತೋರಿಸುವ ಒಂದು ಗೆರೆ, ಸುತ್ತ ಚುಕ್ಕಿಗಳು. ಕಾಯಿಲೆ ಬಂದವರದು ಕೆಂಪು, ಬಾರದವರದು ಕಪ್ಪು. ಗೆರೆ ದಾಟಿದ ಕೆಂಪು ಚುಕ್ಕಿಯೊಂದರ ಪಕ್ಕದಲ್ಲಿ, ಅವಳ ಸೀಸೆಗೆ ನಾನೇ ಅಂಟಿಸಿದ ನಂಬರು, ಸಾವಿಗೆ ಹದಿನಾಲ್ಕು ತಿಂಗಳ ಹಿಂದಿನ ತಾರೀಖು. "ಬಹಳ ಆಶಾದಾಯಕ" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನಾನೂ ತಟ್ಟಿದೆ. ಆಮೇಲೆ ಹೊರಗೆ ಹೋಗಿ ಅತ್ತೆ.

ಅವಳಿಗೇಕೆ ತಿಳಿಸಲಿಲ್ಲವೆಂದು ನಾನು ಕೇಳಿದ್ದಕ್ಕೆ, ಗುರುತು ಇನ್ನೂ ಸಾಬೀತಾಗಿಲ್ಲ, ಜನರನ್ನು ಸುಮ್ಮನೆ ಹೆದರಿಸಬಾರದು ಎಂದು ನಿಮ್ಮ ಕಚೇರಿ ಉತ್ತರಿಸಿದೆ. ಎಂಥ ಕರುಣೆ! ಅವಳನ್ನು ಹೆದರಿಕೆಯಿಂದ ಪಾರುಮಾಡಿದಿರಿ, ಸಾವಿನಿಂದ ಮಾತ್ರ ಆಗಲಿಲ್ಲ. ಸಾಬೀತಾಗುವುದೆಂದರೇನು ಸ್ವಾಮಿ, ಇನ್ನಷ್ಟು ಚುಕ್ಕಿಗಳು ಕೆಂಪಾಗುವುದೇ? ಹೇಳಿದ್ದರೆ ಉಳಿಯುತ್ತಿದ್ದಳೆಂದು ನಾನು ಆಣೆ ಮಾಡಲಾರೆ. ಆದರೆ 'ಒಮ್ಮೆ ಸ್ಕ್ಯಾನಿಂಗ್ ಮಾಡಿಸಿ' ಎನ್ನಲು ಎಷ್ಟು ಪುರಾವೆ ಬೇಕು? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನೀವು ಬಾಗಿಲನ್ನೂ ಹಾಕಲಿಲ್ಲ, ಸೂರೆಯ ನಕ್ಷೆ ಬರೆದಿರಿ.

ಗೆರೆ ದಾಟಿಯೂ ಕಪ್ಪಾಗಿಯೇ ಉಳಿದ ಚುಕ್ಕಿಗಳು ಆರು. ಹೆಸರುಗಳ ಕಡತ ನಿಮ್ಮ ಕೋಣೆಯ ಬೀರುವಿನಲ್ಲಿದೆ, ಬೀಗದಕೈ ನಿಮ್ಮಲ್ಲೇ ಇದೆ. ಈ ವಾರವೇ ತೆರೆದು ಆ ಆರು ಮನೆಗಳಿಗೆ ಫೋನ್ ಮಾಡಿ. ನಾದಿನಿಯ ಸೀಸೆಗೆ ಚೀಟಿ ಅಂಟಿಸಿದ್ದು ಬೇರೆಯವರು, ಅವಳ ನಂಬರು ನನಗೆ ಗೊತ್ತಿಲ್ಲ. ನಿನ್ನೆ ಅಕ್ಕನ ಬಟ್ಟೆ ಮಡಚುತ್ತಾ ಕೇಳಿದಳು: "ಭಾವ, ಆ ಆರರಲ್ಲಿ ನಾನೂ ಇದೀನಾ?"

ಇಂತಿ,
ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಗಂಡ