ರೈಲು ಹಲಗೆಯ ಪಾರ್ಕಿಂಗ್ ಜಾಗ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಗುಬ್ಬಿಯ ಪ್ರೀತಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟನೋವಿಗೆ ಜೈಲಿನ ಡಾಕ್ಟರು ಕೊಟ್ಟ ಮಾತ್ರೆ ಹಿಡಿಯಿತೇ? ಕಳೆದ ಸಲ ಜಾಲರಿಯಾಚೆ ನಿಮ್ಮ ಮುಖ ಇಳಿದುಹೋಗಿತ್ತು. ಚೆನ್ನಾಗಿದ್ದೇನೆ ಎಂದು ನೀವು ಅಂದಿದ್ದನ್ನು ಗುಬ್ಬಿ ನಂಬಿದಳು, ನಾನು ನಂಬಲಿಲ್ಲ. ನಾವಿಬ್ಬರೂ ಹೇಗೋ ಇದ್ದೇವೆ.

ನೀವು ನಕ್ಷೆ ಬರೆದು ಕಳಿಸಿದ ಕೆಲಸ ಮುಗಿಯಿತು. ಹಿಂದಿನ ಕೋಣೆಯಲ್ಲಿ ನಿಮ್ಮ ಆಟದ ರೈಲಿನ ಹಲಗೆಯ ಮೇಲೆ ಈಗ ಸ್ಟೇಷನ್ನಿಗೆ ರಸ್ತೆಯಿದೆ, ಪಕ್ಕದಲ್ಲಿ ಹನ್ನೆರಡು ಲಾರಿ ನಿಲ್ಲುವ ಪಾರ್ಕಿಂಗ್ ಜಾಗವಿದೆ. ಮೊದಲು ರಸ್ತೆಗೆ ಅಚ್ಚ ಕಪ್ಪು ಬಳಿದಿದ್ದೆ. ಗುಬ್ಬಿ ಸೊಂಟದ ಮೇಲೆ ಕೈಯಿಟ್ಟು, ಥೇಟ್ ನಿಮ್ಮ ಹಾಗೆ, "ಅಮ್ಮಾ, ಇದು ದೋಸೆ ಕಾವಲಿ ಥರ ಇದೆ" ಅಂದಳು. ನಿಜವೇ. ಲಾರಿ ಓಡಾಡಿದ ಡಾಂಬರು ಬೂದಿಬಣ್ಣಕ್ಕೆ ತಿರುಗುತ್ತದೆಂದು ನೀವೇ ಹೇಳುತ್ತಿದ್ದಿರಿ. ಅದನ್ನು ಕಿತ್ತು, ನುಣುಪಾದ ಸ್ಯಾಂಡ್ ಪೇಪರ್ ಅಂಟಿಸಿ, ಬೂದಿಬಣ್ಣ ತೆಳ್ಳಗೆ ಎಳೆದು, ಒಣಗಿದ ಮೇಲೆ ಪೌಡರ್ ತಿಕ್ಕಿದೆವು. ಬಿರುಕುಗಳನ್ನು ಗುಬ್ಬಿ ಪೆನ್ಸಿಲ್ಲಿನಲ್ಲಿ ಬಿಡಿಸಿದಳು. ಬಿಳಿ ಗೆರೆಗಳನ್ನು ನಾನು ಎಳೆದು, ಚಕ್ರ ಹಾಯುವಲ್ಲಿ ರಬ್ಬರಿನಿಂದ ಅರ್ಧ ಅಳಿಸಿದೆ. ಲಾರಿ ನಿಲ್ಲುವ ಕಡೆಯೆಲ್ಲ ನಡುವೆ ಒಂದೊಂದು ಕಪ್ಪು ತೊಟ್ಟು, ಎಂಜಿನ್ನಿನಿಂದ ಸೋರಿದ ಎಣ್ಣೆಯ ಹಾಗೆ. ಹಳಿ ದಾಟುವಲ್ಲಿ ರಸ್ತೆ ತುಸು ಎತ್ತರವಾಗಿ, ಮೊದಲ ದಿನ ರೈಲು ನನ್ನ ಕಾಮಗಾರಿಗೆ ಹೆದರಿ ಮಗುಚಿಕೊಂಡಿತು. ಉಜ್ಜಿ ಸರಿಮಾಡಿದೆ. ಆವತ್ತು ಇಬ್ಬರೂ ನಕ್ಕೆವು. ನೀವು ಹೋದ ಮೇಲೆ ಈ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ಇನ್ನೊಂದು ಸಂಗತಿ, ಹೇಳುವುದು ಕಷ್ಟ. ಗುರುವಾರ ಆಕೆ ಬಂದಿದ್ದರು, ನೀವು ಲಾರಿ ಹಿಂದಕ್ಕೆ ತೆಗೆಯುವಾಗ ಚಕ್ರಕ್ಕೆ ಸಿಕ್ಕಿ ತೀರಿಕೊಂಡ ಹಮಾಲರ ಹೆಂಡತಿ. ಬೈಯಲು ಬಂದಿರಬೇಕೆಂದುಕೊಂಡೆ. ಬೈಯಲಿಲ್ಲ. "ಕೊನೇಲಿ ಅವ್ರು ಏನಾದ್ರೂ ಅಂದ್ರಾ? ನಿಮ್ಮೆಜಮಾನ್ರು ಹೇಳಿದ್ರಾ?" ಅಷ್ಟೇ ಕೇಳಿದರು. ನೀರು ಕೊಡುತ್ತೇನೆಂದು ನಾನು ಒಳಗೆ ಹೋದೆ. ತರುವಷ್ಟರಲ್ಲಿ ಗುಬ್ಬಿ, ಬಂದವರು ಯಾರೆಂದು ತಿಳಿಯದೆ, ತನ್ನ ರಸ್ತೆ ತೋರಿಸಲು ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದಿದ್ದಳು. "ಇದು ಮಾರ್ಕೆಟ್ ಹಿಂದಿನ ಪಾರ್ಕಿಂಗ್ ಅಲ್ವಾ?" ಅಂದರು ಆಕೆ. "ಇಲ್ಲಿ ಗೇಟು. ನಮ್ಮೆಜಮಾನ್ರು ಈ ಮೂಲೇಲಿ ಕೂತು ಊಟ ಮಾಡೋರು." ಆಮೇಲೆ ಮೂರನೆಯ ಗೆರೆಯ ಮೇಲೆ ಬೆರಳಿಟ್ಟು, "ಅವ್ರು ಹೋಗಿದ್ದು ಇಲ್ಲೇ" ಅಂದರು. ನಾನು ಆ ಜಾಗಕ್ಕೆ ಕಾಲಿಟ್ಟವಳಲ್ಲ. ನೀವು ಬರೆದು ಕಳಿಸಿದ್ದು ಅದನ್ನೇ ಎಂದು ನನಗೆ ತಿಳಿದದ್ದು ಆಗ. ಬೇಕೆಂದೇ ಬರೆದಿರೋ, ಕೈಗೆ ಬೇರೆ ಜಾಗವೇ ಬರಲಿಲ್ಲವೋ. ಕೋಪವಂತೂ ಬರಲಿಲ್ಲ. ಆಕೆ ನೀರು ಕುಡಿದು, ಗುಬ್ಬಿಯ ತಲೆ ಸವರಿ ಹೋದರು. ಹಲಗೆಗೆ ಬಟ್ಟೆ ಮುಚ್ಚಿದ್ದೇನೆ.

ಊಟ ಬಿಡಬೇಡಿ. ತಣ್ಣೀರು ಸುರಿದುಕೊಂಡು ಸೊಂಟ ಇನ್ನಷ್ಟು ಕೆಡಿಸಿಕೊಳ್ಳಬೇಡಿ. ಗುಬ್ಬಿ ಮುತ್ತು ಕಳಿಸಿದ್ದಾಳೆ.

ನಿಮ್ಮವಳು

ತಾ.ಕ.: ಮರೆತಿದ್ದೆ ಅಂದುಕೊಳ್ಳಬೇಡಿ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಪಘಾತದ ಹಿಂದಿನ ದಿನ ನೀವು ಮನೆಯಲ್ಲಿ ಚೆನ್ನಾಗಿ ಮಲಗಿದ್ದಿರಿ ಎಂದು ಮೇಲ್ಮನವಿಯಲ್ಲಿ ಸಾಕ್ಷಿ ಹೇಳಲು ವಕೀಲರು ಹೇಳಿಕೊಟ್ಟಿದ್ದಾರಲ್ಲ, ಅದು ನನ್ನಿಂದಾಗದು. ಎರಡು ದಿನ ನೀವು ಕಣ್ಣು ಮುಚ್ಚಿರಲಿಲ್ಲ. ಲಾರಿ ಹತ್ತಬೇಡಿ ಎಂದು ನಾನೂ ಹೇಳಲಿಲ್ಲ. ಕೇಳಿದರೆ ಎರಡನ್ನೂ ಹೇಳುತ್ತೇನೆ.